ಹಳೇ ಕಲ್ಲು, ಹಳೇ ಮರ, ಹಳೇ ಗಾಜು

ನಾನು ಓದಿರೋದು ಏಳನೇ ತರಗತಿ. ಹಗಲು ಹೊಲ, ರಾತ್ರಿ ಭಜನೆ, ಕೋಲಾಟದ ಪದ, ಲಾವಣಿ ಇಷ್ಟರಲ್ಲೇ ಅರವತ್ತು ವರ್ಷ ದಾಟಿದವನು. ಈ ಸಲ ವಾಚನಾಲಯದ ಪುಸ್ತಕಕ್ಕೆ "ನಮ್ಮ ಸೀಮೆಯ ಚರಿತ್ರೆ ಬರೆದುಕೊಡಿ" ಅಂತ ನಮ್ಮ ಮೇಷ್ಟ್ರು ಕೇಳಿದಾಗ, ರಾಜರ ಕಥೆ ನನಗೇನು ಗೊತ್ತು ಸ್ವಾಮಿ ಅಂದೆ. ಅದಕ್ಕೆ ಅವರು, "ನಿಮ್ಮ ರೇಷ್ಮೆ ಹುಳದ ಮನೆಗೆ ಬೆಂಗಳೂರಿನ ಹಳೇ ಗಾಜಿನ ಕಿಟಕಿ ಹಾಕಿದ್ದೀರಲ್ಲ, ಅದನ್ನೇ ಬರೀರಿ, ಅದೂ ಚರಿತ್ರೆನೇ" ಅಂದರು. ಮೊದಲು ತಮಾಷೆ ಮಾಡ್ತಾ ಇದಾರೆ ಅಂದುಕೊಂಡೆ. ಆಮೇಲೆ ಯೋಚನೆ ಮಾಡ್ತಾ ಹೋದರೆ, ಒಂದು ಕಡೆ ಕೆಡವಿದ್ದನ್ನ ಇನ್ನೊಂದು ಕಡೆ ಕಟ್ಟೋದು ನಮ್ಮ ಸೀಮೆಯಲ್ಲಿ ಸಾವಿರ ವರ್ಷದಿಂದ ನಡೆದು ಬಂದೈತೆ ಅನ್ನಿಸಿತು. ಅದರಲ್ಲಿ ಸರಿಯಾದದ್ದೂ ಐತೆ, ತಪ್ಪಾದದ್ದೂ ಐತೆ. ತಪ್ಪು ನಮ್ಮ ಮನೆಯಲ್ಲೂ ಆಗೈತೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಮೊದಲು ನಮ್ಮ ಊರುಮನೆಗಳ ವಿಷಯ. ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ನಡುವೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಸೊಪ್ಪು ಸದೆ ಹರಡಿ ಸೌಳುಮಣ್ಣು ಹಾಕಿ ಬಡಿದ ಮಾಳಿಗೆ. ಕಿಟಕಿ ಅನ್ನೋದು ಹೆಸರಿಗೆ ಮಾತ್ರ. ಮಾಳಿಗೆಯಲ್ಲಿ ಒಂದು ಗವಾಕ್ಷಿ, ಮಳೆ ಬಂದರೆ ಅದರ ಮೇಲೆ ಒಂದು ಬಾಯಿಮುರುಕ ಮಡಕೆ. ಅಡಿಗೆ ಹೊಗೆ ಅಲ್ಲೇ ಹೋಗಬೇಕು, ಬೆಳಕು ಅಲ್ಲೇ ಬರಬೇಕು. ಮನೆಯಲ್ಲಿ ಗಾಜು ಅಂತ ಇದ್ದದ್ದು ಲಾಟೀನಿನ ಬುರುಡೆ ಒಂದು, ದೇವರ ಪಟದ್ದು ಒಂದು. ಲಾಟೀನು ಗಾಜು ಒರೆಸೋವಾಗ ಒಡೆದರೆ ಬೆನ್ನಿಗೆ ಬೀಳ್ತಿತ್ತು.

ಇಂಥ ಮನೆ ಹಳೇದಾಗಿ ಬಿದ್ದರೆ ಯಾರೂ ಏನನ್ನೂ ಬಿಸಾಕುತ್ತಿರಲಿಲ್ಲ. ಗೋಡೆ ಮಣ್ಣು ಹೊಲಕ್ಕೆ ಗೊಬ್ಬರವಾಗಿ ಹೋಗೋದು. ಕಲ್ಲು ಮುಂದಿನ ಮನೆ ಪಾಯಕ್ಕೆ. ಮರ ಮಾತ್ರ ಬಹಳ ಮರ್ಯಾದೆಯಿಂದ ಇಳಿಸೋರು. ಬಡಗಿ ಬಂದು ಮೊದಲು ಜಂತೆ, ಆಮೇಲೆ ತೊಲೆ, ಕೊನೆಗೆ ಕಂಬ, ಹೀಗೆ ಕಟ್ಟಿದ್ದಕ್ಕೆ ಸರಿಯಾಗಿ ಹಿಂದುಮುಂದಾಗಿ ಬಿಚ್ಚೋನು. ಒಂದೊಂದಕ್ಕೂ ಸುಣ್ಣದಲ್ಲಿ ಗೀಟು ಹಾಕಿ ಗುರುತು ಮಾಡೋನು. ಕಂಬವನ್ನ ತಲೆಕೆಳಗು ನಿಲ್ಲಿಸಬಾರದು, ಮರ ಬೆಳೆದಾಗ ಬುಡ ಯಾವ ಕಡೆ ಇತ್ತೋ ಮನೆಯಲ್ಲೂ ಆ ಕಡೆಯೇ ಬುಡ ಇರಬೇಕು ಅನ್ನೋದು ಕಟ್ಟುನಿಟ್ಟಿನ ನಿಯಮ. ನಿರ್ವಂಶವಾದ ಮನೆಯ ಬಾಗಿಲುವಾಡ ತರಬಾರದು ಅನ್ನೋದು ಇನ್ನೊಂದು. ಎರಡನೇದು ನಂಬಿಕೆ ಇರಬಹುದು, ಆದರೆ ಅದರಲ್ಲಿ ಒಂದು ವಿಚಾರ ಐತೆ: ವಸ್ತು ತಗೊಳ್ಳೋಕೆ ಮುಂಚೆ ಅದು ಯಾರದು, ಎಲ್ಲಿಂದ ಬಂತು ಅಂತ ಕೇಳಬೇಕು. ಈ ಕೇಳೋ ಅಭ್ಯಾಸ ನಮ್ಮ ಹಿರಿಯರಲ್ಲಿ ಮರದ ವಿಷಯದಲ್ಲಿ ಇತ್ತು. ಕಲ್ಲಿನ ವಿಷಯದಲ್ಲಿ ಇರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ರಾಜರ ಕಾಲಕ್ಕೆ ಹೋಗೋಣ. ನಮ್ಮ ಮಡಕಶಿರಾ ಸೀಮೆಯಲ್ಲಿ ಅಮರಾಪುರದ ಕಡೆ ಹೇಮಾವತಿ ಅನ್ನೋ ಊರೈತೆ. ಹೆಂಜೇರು ಅನ್ನೋದು ಅದರ ಹಳೇ ಹೆಸರು. ಹೆಂಜೇರು ಸಿದ್ದಪ್ಪನಿಗೆ ನಡೆದುಕೊಳ್ಳೋ ಮನೆಗಳು ನಮ್ಮಲ್ಲಿ ಎಷ್ಟೋ ಇದಾವೆ. ಸಾವಿರ ವರ್ಷಕ್ಕೂ ಹಿಂದೆ ಇದು ನೊಳಂಬ ಅರಸರ ರಾಜಧಾನಿ. ಅವರ ನಾಡಿಗೆ ನೊಳಂಬವಾಡಿ 32000 ಅಂತ ಶಾಸನಗಳಲ್ಲಿ ಹೆಸರು. ಅಲ್ಲಿನ ದೊಡ್ಡೇಶ್ವರ ಗುಡಿಯ ಗೋಡೆಯಲ್ಲಿ ಕಲ್ಲಿನ ಕಿಟಕಿಗಳಿದಾವೆ. ಜಾಲಂಧ್ರ ಅಂತಾರೆ. ಒಂದೇ ಕಲ್ಲು ಚಪ್ಪಡಿಯನ್ನ ತೂತು ತೂತಾಗಿ ಕೊರೆದು, ಆ ತೂತುಗಳ ಮಧ್ಯೆ ಬಳ್ಳಿ, ದೇವರ ರೂಪು ಬಿಡಿಸಿದಾರೆ. ಹೊರಗಿನ ಬಿಸಿಲು ನೇರವಾಗಿ ಒಳಕ್ಕೆ ನುಗ್ಗಲ್ಲ, ಆದರೆ ಬೆಳಕೂ ಗಾಳಿಯೂ ಸೋಸಿಕೊಂಡು ಬರ್ತಾವೆ. ನಮ್ಮಂಥ ಬಿಸಿಲು ನಾಡಿಗೆ ಎಂಥ ಕಿಟಕಿ ಬೇಕು ಅಂತ ಆ ಕಲ್ಲುಕುಟಿಗರಿಗೆ ಗೊತ್ತಿತ್ತು.

ಆ ನೊಳಂಬರ ಕಂಬಗಳೂ ಅಷ್ಟೇ ಹೆಸರಾದವು. ಕರೀ ಕಲ್ಲನ್ನ ಕನ್ನಡಿ ಹಂಗೆ ನಯ ಮಾಡಿ, ಸುತ್ತಾ ಸಣ್ಣ ಕೆತ್ತನೆ ತುಂಬಿದ ಕಂಬಗಳು. ಈಗ ತಮಿಳುನಾಡಿನ ತಂಜಾವೂರು ಹತ್ತಿರ ಕಾವೇರಿ ದಂಡೆಯ ತಿರುವಯ್ಯಾರಿಗೆ ಹೋದರೆ ಅಲ್ಲಿನ ಗುಡಿಯಲ್ಲಿ ನೊಳಂಬರ ಕಂಬಗಳು ನಿಂತಿದಾವೆ. ಹನ್ನೊಂದನೇ ಶತಮಾನದಲ್ಲಿ ಚೋಳರು ಈ ಕಡೆ ದಂಡೆತ್ತಿ ಬಂದು ಗೆದ್ದ ಗುರುತಿಗೆ ಇಲ್ಲಿಂದ ಸಾಗಿಸಿಕೊಂಡು ಹೋದರು ಅಂತ ವಿದ್ವಾಂಸರು ಹೇಳ್ತಾರೆ. ಇಂಥದೇ ಇನ್ನೊಂದು: ಚಾಲುಕ್ಯರ ಕಲ್ಯಾಣವನ್ನ ಸುಟ್ಟ ಚೋಳ ರಾಜಾಧಿರಾಜ ಅಲ್ಲಿನ ಒಂದು ದ್ವಾರಪಾಲಕ ವಿಗ್ರಹವನ್ನ ತಮ್ಮ ನಾಡಿಗೆ ಒಯ್ದು, ಅದರ ಪೀಠದಲ್ಲಿ ಕಲ್ಯಾಣಪುರ ಸುಟ್ಟು ತಂದದ್ದು ಅಂತ ಬರೆಸಿದ. ಗೆದ್ದವನಾದರೂ ಎಲ್ಲಿಂದ ತಂದೆ ಅಂತ ಬರೆಸಿದನಲ್ಲ, ಅದರಿಂದ ನಮಗೆ ಈವತ್ತು ಗೊತ್ತಾಗ್ತೈತೆ. ತಿರುವಯ್ಯಾರಿನ ಕಂಬಗಳು ನಮ್ಮ ಕಡೆಯವು ಅನ್ನೋದನ್ನ ಮಾತ್ರ ಕೆತ್ತನೆಯ ಕೈ ನೋಡಿಯೇ ಪತ್ತೆ ಹಚ್ಚಬೇಕಾಯಿತು. ಚಿನ್ನ ಒಯ್ದರು, ದನ ಒಯ್ದರು ಅಂದರೆ ಅರ್ಥವಾಗ್ತೈತೆ. ಎತ್ತಿನ ಗಾಡಿ ಬಿಟ್ಟರೆ ಬೇರೆ ದಾರಿ ಇಲ್ಲದ ಕಾಲದಲ್ಲಿ ಕಲ್ಲು ಕಂಬವನ್ನ ಅಷ್ಟು ದೂರ ಒಯ್ಯಬೇಕಾದರೆ ಆ ಕಂಬದ ಮೇಲೆ ಎಷ್ಟು ಆಸೆ ಇದ್ದಿರಬೇಕು!

ಇನ್ನು ನಮ್ಮ ರತ್ನಗಿರಿ. ಈ ಬೆಟ್ಟದ ಕೋಟೆಯನ್ನ ನೋಡದೆ ಇರೋ ದಿನ ನಮಗೆ ಇಲ್ಲ. ಹೊಲದಲ್ಲಿ ಬಗ್ಗಿದ ತಲೆ ಎತ್ತಿದರೆ ಅದೇ. ಇಲ್ಲಿನ ಪಾಳೆಯಗಾರ ರಂಗಪ್ಪನಾಯಕನೇ ಈಗ ತುಮಕೂರು ಜಿಲ್ಲೆಗೆ ಸೇರಿರೋ ಶಿರಾ ಪಟ್ಟಣಕ್ಕೂ ಕೋಟೆಗೂ ತಳಪಾಯ ಹಾಕಿದವನು ಅಂತ ಮೈಸೂರು ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ಬರೆದಿದಾರೆ. ಕೋಟೆ ಮುಗಿಯೋಕೆ ಮುಂಚೆಯೇ 1638ರ ಸುಮಾರಿಗೆ ಬಿಜಾಪುರದ ರಣದುಲ್ಲಾಖಾನ ಬಂದು ಗೆದ್ದುಕೊಂಡ. ರಂಗಪ್ಪನಾಯಕ ಹಾಕಿದ ಪಾಯದ ಮೇಲೆ ಬಿಜಾಪುರದವರು ಗೋಡೆ ಮುಗಿಸಿದರು. 1687ರಲ್ಲಿ ಮೊಗಲರು ಬಂದು ಶಿರಾವನ್ನ ಒಂದು ಸುಬೆಯ ರಾಜಧಾನಿ ಮಾಡಿದರು. ಮುಂದೆ ದಿಲಾವರ್ ಖಾನ್ ಅನ್ನೋ ಸುಬೇದಾರ ಅಲ್ಲಿ ಕಟ್ಟಿಸಿದ ಅರಮನೆ ಎಷ್ಟು ಸೊಗಸಾಗಿತ್ತು ಅಂದರೆ, ಹೈದರಾಲಿ ಟಿಪ್ಪು ಬೆಂಗಳೂರಿನಲ್ಲೂ ಶ್ರೀರಂಗಪಟ್ಟಣದಲ್ಲೂ ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿ ಆಯಿತಂತೆ.

ಇಲ್ಲಿಗೆ ನಿಲ್ಲಲಿಲ್ಲ. ಹೈದರಾಲಿ 1761ರಲ್ಲಿ ಶಿರಾ ಹಿಡಿದ. ಆಮೇಲೆ ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಅನ್ನೋ ಹೊಸ ಪೇಟೆ ತುಂಬಿಸೋಕೆ ಶಿರಾದಿಂದ 12,000 ಮನೆತನಗಳನ್ನ ಎಬ್ಬಿಸಿಕೊಂಡು ಹೋದ ಅಂತ ಅದೇ ಗೆಜೆಟಿಯರ್ ಹೇಳುತ್ತೆ. ಕಲ್ಲು ಮರದ ಹಾಗೆ ಮನುಷ್ಯರನ್ನೂ ಕಿತ್ತು ಬೇರೆ ಕಡೆ ನೆಟ್ಟ ಹಾಗಾಯಿತು. ಹಂಗೆ ಖಾಲಿಯಾದ ಮನೆಗಳ ಬಾಗಿಲು, ತೊಲೆ ಎಲ್ಲಿ ಹೋದವೋ ಬರೆದಿಟ್ಟವರಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಮೂವತ್ತು ವರ್ಷ ಆದಮೇಲೆ, ಇಂಗ್ಲಿಷರು ಊಟಿಯಲ್ಲಿ ಸಂತ ಸ್ಟೀಫನ್ನರ ಚರ್ಚು ಕಟ್ಟೋಕೆ ಶುರು ಮಾಡಿದರು. 1829ರಲ್ಲಿ ತಳಪಾಯ, 1830ರಲ್ಲಿ ಪ್ರತಿಷ್ಠೆ. ಅದಕ್ಕೆ ದೊಡ್ಡ ತೊಲೆಗಳು ಬೇಕಾದಾಗ ಟಿಪ್ಪುವಿನ ಅರಮನೆಯನ್ನ ಬಿಚ್ಚಿ ಅಲ್ಲಿನ ತೇಗದ ಮರವನ್ನ ನೀಲಗಿರಿ ಬೆಟ್ಟದ ಮೇಲಕ್ಕೆ ಸಾಗಿಸಿದರು. ಆ ಚರ್ಚು ಈಗಲೂ ಐತೆ, ತೊಲೆಗಳೂ ಗಟ್ಟಿಯಾಗಿದಾವೆ. ಸುಲ್ತಾನನ ಸೂರು ಹೊತ್ತಿದ್ದ ಮರ ಈಗ ಏಸುವಿನ ಮನೆಯ ಸೂರು ಹೊತ್ತೈತೆ. ಮರಕ್ಕೆ ಯಾವ ಜಾತಿ, ಯಾವ ಮತ? ಹೊರೋದು ಅದರ ಕೆಲಸ.

ಲೆಕ್ಕ ಹಾಕಿ ನೋಡಿ. ನಮ್ಮ ಬೆಟ್ಟದ ಪಾಳೆಯಗಾರ ಶಿರಾಕ್ಕೆ ಪಾಯ ಹಾಕಿದ. ಶಿರಾದ ಅರಮನೆ ಶ್ರೀರಂಗಪಟ್ಟಣಕ್ಕೆ ಮಾದರಿ ಆಯಿತು. ಶ್ರೀರಂಗಪಟ್ಟಣದ ಮರ ಊಟಿಗೆ ಹೋಯಿತು. ಹಂಗಾಗಿ ಬೆಂಗಳೂರಿನಿಂದ ನಾನು ನಾಲ್ಕು ಹಳೇ ಕಿಟಕಿ ತಂದರೆ ಊರಿನವರು ನಕ್ಕಿದ್ದು ಯಾಕೆ ಅಂತ ನನಗೆ ಈಗಲೂ ಅರ್ಥವಾಗಲ್ಲ.

ಗಾಜಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಲಂಡನ್ನಿನಲ್ಲಿ 1851ರಲ್ಲಿ ಒಂದು ದೊಡ್ಡ ವಸ್ತು ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಅನ್ನೋನು ಕಬ್ಬಿಣ ಗಾಜಿನಲ್ಲಿ ಒಂದು ಅರಮನೆ ಮಾಡಿದ. ಅವನು ಮೂಲದಲ್ಲಿ ನಮ್ಮ ಹಾಗೆ ಮಣ್ಣಿನ ಕೆಲಸದವನು, ತೋಟದ ಮಾಲಿ. ಗಿಡಗಳಿಗೆ ಗಾಜಿನ ಮನೆ ಕಟ್ಟಿ ಕಟ್ಟಿ ಕಲಿತಿದ್ದ. ಸುಮಾರು 3 ಲಕ್ಷ ಗಾಜು ಹಿಡಿದವಂತೆ. ಪ್ರದರ್ಶನ ಮುಗಿದ ಮೇಲೆ ಅದನ್ನ ಒಡೆಯಲಿಲ್ಲ. ಬಿಚ್ಚಿ, ಸಿಡನ್‌ಹ್ಯಾಮ್ ಅನ್ನೋ ಕಡೆಗೆ ಒಯ್ದು, 1854ರಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿದರು. 1936ರಲ್ಲಿ ಬೆಂಕಿ ಬಿದ್ದು ಹೋಗೋವರೆಗೂ ಅದು ಅಲ್ಲೇ ಇತ್ತು. ಅದನ್ನ ನೋಡಿಕೊಂಡೇ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ ಕಟ್ಟಿದ್ದು. ಅದಕ್ಕೆ ತಳಪಾಯ ಹಾಕಿದ್ದು 1889ರಲ್ಲಿ. ಫಲಪುಷ್ಪ ಪ್ರದರ್ಶನಕ್ಕೆ ಹೋದವರೆಲ್ಲ ಅದನ್ನ ನೋಡಿರುತ್ತೀರಿ.

ಜೋಡಿ ಗಾಜು ಅನ್ನೋದು ಚಳಿ ದೇಶದವರ ಬುದ್ಧಿ. ಮಂಜು ಬೀಳೋ ನಾಡಿನಲ್ಲಿ ಒಂದು ಕಿಟಕಿಗೆ ಹೊರಗಡೆಯಿಂದ ಇನ್ನೊಂದು ಕಿಟಕಿ ಹಾಕಿಕೊಳ್ಳೋ ವಾಡಿಕೆ ಹಿಂದಿನಿಂದ ಇತ್ತು. 1865ರಲ್ಲಿ ಅಮೆರಿಕದ ಸ್ಟೆಟ್‌ಸನ್ ಅನ್ನೋನು ಎರಡು ಗಾಜಿನ ಅಂಚನ್ನ ಒಂದಕ್ಕೊಂದು ಮುಚ್ಚಿ, ನಡುವೆ ಗಾಳಿ ಕಟ್ಟಿಹಾಕೋ ಉಪಾಯಕ್ಕೆ ಹಕ್ಕುಪತ್ರ ತಗೊಂಡ. ಅದರ ಗುಟ್ಟು ಬಹಳ ಸುಲಭ. ಅಲ್ಲಾಡದೆ ನಿಂತ ಗಾಳಿ ಶಾಖವನ್ನ ಬೇಗ ದಾಟಿಸಲ್ಲ. ಚಳಿಗೆ ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಕಂಬಳಿ ಹೊದ್ದರೆ ಬೆಚ್ಚಗಿರುತ್ತಲ್ಲ, ಅದೇ ಲೆಕ್ಕ. ಚಳಿಯನ್ನ ಹೊರಗೆ ಇಡೋ ಕಿಟಕಿಯೇ ಸೆಕೆಯನ್ನೂ ಹೊರಗೆ ಇಡುತ್ತೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಎದ್ದ ಮೇಲೆ, ಒಳಗಿನ ಎ.ಸಿ. ತಂಪು ಹೊರಗೆ ಹೋಗದಿರಲಿ ಅಂತ ಈ ಜೋಡಿ ಗಾಜು ನಮ್ಮ ದೇಶಕ್ಕೂ ಬಂತು. ಅಲ್ಲಿ ಕಟ್ಟಡಕ್ಕೆ ನೂರು ವರ್ಷ ಆಯುಸ್ಸಿಲ್ಲ. ಬಾಡಿಗೆಗೆ ಬಂದೋರು ಬದಲಾದರೆ ಗೋಡೆ ಕಿಟಕಿ ಎಲ್ಲಾ ಬದಲು. ಕಿತ್ತದ್ದು ಗುಜರಿಗೆ.

ನನ್ನ ಮಗನಿಗೆ ಬೆಂಗಳೂರಿನಲ್ಲಿ ಗಾರೆ ಕೆಲಸ. ಒಂದು ಆಫೀಸು ಕೆಡವೋ ಕಡೆ ಈ ಕಿಟಕಿಗಳನ್ನ ಕಂಡ. ನಾವಾಗ ಹುಳು ಸಾಕಣೆಗೆ ಬೇರೆ ಮನೆ ಕಟ್ಟಬೇಕು ಅಂತ ಒದ್ದಾಡ್ತಿದ್ದೆವು. ಹಿಪ್ಪುನೇರಳೆ ಹಾಕಿ ಹಿಂದೂಪುರದ ಮಾರುಕಟ್ಟೆಗೆ ಗೂಡು ಹಾಕೋ ನಮ್ಮಂಥವರಿಗೆ ಗೊತ್ತು: ದೊಡ್ಡ ಹುಳಕ್ಕೆ 24ರಿಂದ 25 ಡಿಗ್ರಿ ಶಾಖ, 70ರಿಂದ 75 ಪರ್ಸೆಂಟ್ ತೇವ ಇರಬೇಕು. ಬೇಸಿಗೆಯಲ್ಲಿ ಹೊರಗೆ 38 ಡಿಗ್ರಿ ಇದ್ದಾಗ ತಗಡಿನ ಶೆಡ್ಡಿನಲ್ಲಿ ಹುಳ ಬೇಯುತ್ತೆ. ಕತ್ತಲೆ ಕೋಣೆಯಲ್ಲಿ ಸಾಕಿದರೆ ರೋಗ ಬಂದದ್ದು ಕಾಣಲ್ಲ. ಕಿಟಕಿ ತೆರೆದರೆ ಊಜಿ ನೊಣ. 1980ರಲ್ಲಿ ಆ ನೊಣ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದಾಗಿನಿಂದ ಬಲೆ ಇಲ್ಲದ ಕಿಟಕಿ ಹುಳದ ಮನೆಗೆ ಆಗಿಬರಲ್ಲ. ಅದಕ್ಕೇ ಮಗ "ಅಪ್ಪಾ, ಹೊಸದರ ಕಾಲು ಭಾಗದ ಬೆಲೆಗೆ ಸಿಗ್ತಾವೆ" ಅಂದಾಗ ಹೂಂ ಅಂದೆ. ನಾಲ್ಕು ತಂದೆವು. ಒಂದೊಂದು 3 ಅಡಿಗೆ 4 ಅಡಿ.

ಇಳಿಸೋವಾಗಲೇ ಗೊತ್ತಾಯಿತು, ಗಾಜು ಅಂದರೆ ಹಗುರ ಅಲ್ಲ. ಒಂದು ಚದರ ಮೀಟರು ಗಾಜು ಒಂದು ಮಿಲಿಮೀಟರು ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತೆ. ನಮ್ಮದು 6 ಮಿಲಿಮೀಟರಿನ ಎರಡು ಗಾಜು. ಲೆಕ್ಕ ಹಾಕಿದರೆ ಒಂದು ಕಿಟಕಿಯ ಗಾಜೇ 33 ಕೆ.ಜಿ. ಇಬ್ಬರು ಹಿಡಿದು ನಿಲ್ಲಿಸಿಕೊಂಡೇ ಸಾಗಿಸಬೇಕು, ಮಲಗಿಸಬಾರದು.

ಮೊದಲನೇ ತಪ್ಪು ಅಲ್ಲೇ ಆಯಿತು. ಗೋಡೆಯಲ್ಲಿ ಬಿಟ್ಟ ಜಾಗ ಎರಡು ಅಂಗುಲ ಚಿಕ್ಕದಾಗಿತ್ತು. ಕಿಟಕಿ ಗಾಜನ್ನ ಕೊರೆದು ಚಿಕ್ಕದು ಮಾಡಿದರಾಯಿತು ಅಂತ ಒಬ್ಬನು ವಜ್ರದ ಮೊಳೆ ಹಾಕಿ ಗೀಚಿ ತಟ್ಟಿದ. ಇಡೀ ಗಾಜು ಅರಳು ಹುರಿದಂಗೆ ಪುಡಿಪುಡಿಯಾಗಿ ಸುರೀತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ತಿಳಿದವರು ಹೇಳಿದರು: ಇದು ಕಾಯಿಸಿ ಗಟ್ಟಿ ಮಾಡಿದ ಗಾಜು, ಮೂಲೆಯಲ್ಲಿ ಸಣ್ಣ ಮುದ್ರೆ ಇರುತ್ತೆ, ಇದನ್ನ ಕೊರೆಯೋಕೆ ಬರಲ್ಲ. ಸಾಮಾನ್ಯ ಗಾಜಿನದೇ ಆದರೂ ಜೋಡಿ ಗಾಜನ್ನ ಕೊರೆಯಬಾರದು, ಅಂಚಿನ ಬೆಸುಗೆ ಹೋದರೆ ಒಳಗಿನ ಗಾಳಿ ಹೋಯಿತು. ಹಂಗಾಗಿ ಕಿಟಕಿಗೆ ತಕ್ಕಂತೆ ಗೋಡೆ ಕಟ್ಟಬೇಕೇ ಹೊರತು ಗೋಡೆಗೆ ತಕ್ಕಂತೆ ಕಿಟಕಿ ಕೊರೆಯೋದಲ್ಲ. ಹಳೇ ಬಡಗಿಗಳು ಮಾಡ್ತಿದ್ದದ್ದೂ ಇದೇ. ತೊಲೆ ಉದ್ದ ನೋಡಿಕೊಂಡು ಮನೆ ಅಗಲ ಗೊತ್ತು ಮಾಡೋರು.

ಎರಡನೇದು, ಒಂದು ಕಿಟಕಿಯ ಒಳಗಡೆ, ಎರಡು ಗಾಜಿನ ನಡುವೆ, ಬೆಳಗ್ಗೆ ಹೊತ್ತು ಮಂಜು ಕಟ್ಟುತ್ತಿತ್ತು. ಎಷ್ಟು ಒರೆಸಿದರೂ ಹೋಗಲ್ಲ, ಯಾಕಂದರೆ ಅದು ಒಳಗೆ ಐತೆ. ಅಂಚಿನ ಪಟ್ಟಿಯಲ್ಲಿ ತೇವ ಹೀರೋ ಕಾಳುಗಳನ್ನ ತುಂಬಿರುತ್ತಾರೆ. ಬೆಸುಗೆ ಬಿರುಕು ಬಿಟ್ಟು ಹೊರಗಿನ ತೇವ ಸೇರಿ ಸೇರಿ ಕಾಳು ಸಾಕಾಗಿಹೋದರೆ ಹೀಗೆ ಆಗುತ್ತೆ. ಮಾರಿದವನು ಅದನ್ನ ಹೇಳಿರಲಿಲ್ಲ. ನಾವೂ ಬಿಸಿಲಿಗೆ ಹಿಡಿದು ನೋಡಿರಲಿಲ್ಲ. ಹಳೇ ಜೋಡಿ ಗಾಜು ತಗೊಳ್ಳೋರು ನಡುವೆ ಬಿಳೀ ಕಲೆ ಐತಾ, ಅಂಚಿನ ರಬ್ಬರು ಸೀಳೈತಾ ಅಂತ ನೋಡಿಯೇ ದುಡ್ಡು ಕೊಡಬೇಕು. ಅದನ್ನ ನಾವು ಬಿಸಾಕಲಿಲ್ಲ. ಸೊಪ್ಪು ಇಡೋ ಕೋಣೆಗೆ ಹಾಕಿದ್ದೀವಿ. ಬೆಳಕು ಬರೋಕೆ ಅಡ್ಡಿಯಿಲ್ಲ.

ಮೂರನೇದನ್ನ ಪಡುವಣ ಗೋಡೆಗೆ ಹಾಕಿದೆವು. ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಹೋದರೆ ಹಂಚಿನ ಮೇಲೆ ಕೂತಂಗೆ ಸೆಕೆ! ಜೋಡಿ ಗಾಜಿನಿಂದ ತಂಪಾಗುತ್ತೆ ಅಂದರಲ್ಲ ಅಂತ ಮೇಷ್ಟ್ರ ಹತ್ತಿರ ಹೋದೆ. ಅವರು ತಿಳಿಸಿ ಹೇಳಿದರು: ಬಿಸಿಗಾಳಿಯ ಶಾಖವನ್ನ ಜೋಡಿ ಗಾಜು ತಡೆಯುತ್ತೆ, ಆದರೆ ನೇರ ಬಿದ್ದ ಬಿಸಿಲು ಗಾಜಿನ ಮೂಲಕ ಒಳಕ್ಕೆ ಬಂದು ನೆಲ ಗೋಡೆ ಕಾಯಿಸುತ್ತೆ, ಕಾದದ್ದು ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತೆ. ಆಗ ನನಗೆ ಹೆಂಜೇರಿನ ಕಲ್ಲು ಕಿಟಕಿ ನೆನಪಾಯಿತು. ಅವರು ಬೆಳಕು ಬಿಟ್ಟು ಬಿಸಿಲನ್ನ ತಡೆದಿದ್ದರು. ನಾನು ಬಿಸಿಲನ್ನೇ ಒಳಕ್ಕೆ ಕರೆದಿದ್ದೆ. ಆ ಕಿಟಕಿಯನ್ನ ಬಿಚ್ಚಿ ನಾಲ್ಕನೇದರ ಜೊತೆ ಬಡಗಣ ಗೋಡೆಗೆ ಹಾಕಿಸಿದೆ. ತೆಂಕಣ ಗೋಡೆಗೆ ಮೇಲೂ ಕೆಳಗೂ ಬಲೆ ಹಾಕಿದ ಗಾಳಿಕಿಂಡಿ ಇಡಿಸಿ, ಹೊರಗೆ ಸೋಗೆ ಚಪ್ಪರ ಇಳಿಬಿಟ್ಟೆ. ಗಾಜು ಬೆಳಕಿಗೆ, ಕಿಂಡಿ ಗಾಳಿಗೆ. ಒಂದರ ಕೆಲಸ ಇನ್ನೊಂದಕ್ಕೆ ಹೇಳಬಾರದು. ಗಾಜನ್ನ ಸಿಮೆಂಟಿಗೆ ನೇರ ತಾಕಿಸದೆ ಅಡಿಗೆ ರಬ್ಬರಿನ ತುಂಡು ಕೊಟ್ಟು, ಚೌಕಟ್ಟಿನ ಕೆಳಗೆ ಮಳೆನೀರು ಇಳಿಯೋಕೆ ಸಣ್ಣ ತೂತು ಬಿಟ್ಟಿದ್ದೀವಿ. ಈಗ ಹುಳ ಚೆನ್ನಾಗಿ ಬರ್ತಾ ಐತೆ. ನಕ್ಕವರಲ್ಲಿ ಇಬ್ಬರು ಬಂದು ಅಳತೆ ತಗೊಂಡು ಹೋಗಿದಾರೆ.

ಇನ್ನು, ಆಮೇಲೆ ಬರುತ್ತೇನೆ ಅಂದ ಮಾತು. ಹುಳದ ಮನೆ ಕಟ್ಟಿದ್ದು ನಮ್ಮ ಹಳೇ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ. ಆ ಕೊಟ್ಟಿಗೆ ನಮ್ಮಪ್ಪ ಕಟ್ಟಿದ್ದು, ನಾನು ಚಡ್ಡಿ ಹಾಕೋ ವಯಸ್ಸಿನಲ್ಲಿ. ಅದರ ಕಲ್ಲುಗಳು ಬೆಟ್ಟದ ಬುಡದಿಂದ ಗಾಡಿಯಲ್ಲಿ ಬಂದಿದ್ದು ನನಗೆ ನೆನಪೈತೆ. ಬಿದ್ದ ಕೋಟೆ ಗೋಡೆಯವು. ಮುಂದೆ ನಯ, ಹಿಂದೆ ಮೊನೆ, ಉಳಿ ಗುರುತು ಸಾಲಾಗಿ. ನಮ್ಮಪ್ಪ ಕಳ್ಳ ಅಲ್ಲ. ರಾಜ ಇಲ್ಲ, ಪಾಳೆಯಗಾರ ಇಲ್ಲ, ಬಿದ್ದ ಕಲ್ಲು ಯಾರಪ್ಪಂದು ಅಂತ ಎಲ್ಲರೂ ತಂದಂಗೆ ತಂದರು. 1958ರಲ್ಲೇ ಹಳೇ ಸ್ಮಾರಕ ಕಾಪಾಡೋ ಕಾಯಿದೆ ಬಂದಿತ್ತು ಅಂತ ನನಗೇ ಗೊತ್ತಾಗಿದ್ದು ಈ ವಾಚನಾಲಯದಲ್ಲಿ. ಅವರಿಗೆ ಹೆಂಗೆ ಗೊತ್ತಾಗಬೇಕು?

ಆ ಕಲ್ಲುಗಳ ಜೊತೆ ಒಂದು ಅಗಲವಾದ ಚಪ್ಪಡಿ ಬಂದಿತ್ತು. ಅದನ್ನ ಬಾವಿ ಹತ್ತಿರ ಬಟ್ಟೆ ಒಗೆಯೋಕೆ ಹಾಕಿದ್ದರು. ನಮ್ಮವ್ವ ನಲವತ್ತು ವರ್ಷ ಅದರ ಮೇಲೆ ಬಟ್ಟೆ ಒಗೆದಳು. ಆಮೇಲೆ ನನ್ನ ಹೆಂಡತಿ. ಹುಳದ ಮನೆ ಬಾಗಿಲ ಮುಂದೆ ಮೆಟ್ಟಿಲಿಗೆ ಆಗುತ್ತೆ ಅಂತ ಮೀಟಿ ಎಬ್ಬಿಸಿ ಮಗುಚಿದಾಗ ಅಡಿಯ ಮಗ್ಗುಲಲ್ಲಿ ಕೆತ್ತನೆ. ಮಣ್ಣು ತೊಳೆದು ನೋಡಿದೆವು. ಕೆಳಗಿನ ಅಂಕಣದಲ್ಲಿ ಒಬ್ಬ ಕತ್ತಿ ಹಿಡಿದು ನಿಂತವನೆ, ಅವನ ಹಿಂದೆ ದನಗಳು. ನಡುವಿನ ಅಂಕಣದಲ್ಲಿ ಅವನನ್ನ ಇಬ್ಬರು ದೇವಕನ್ನೆಯರು ಮೇಲಕ್ಕೆ ಕರಕೊಂಡು ಹೋಗ್ತಿದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕೂತವನೆ. ವೀರಗಲ್ಲು. ಊರಿನ ದನ ಹೊಡಕೊಂಡು ಹೋಗೋಕೆ ಬಂದವರ ಜೊತೆ ಹೊಡೆದಾಡಿ ಸತ್ತವನಿಗೆ ಊರಿನವರು ನಿಲ್ಲಿಸಿದ ಕಲ್ಲು. ಅಕ್ಷರ ಇರಲಿಲ್ಲ, ಹಂಗಾಗಿ ಹೆಸರು ಗೊತ್ತಿಲ್ಲ.

ನಾನು ಅಲ್ಲೇ ಕೂತುಬಿಟ್ಟೆ. ಹಬ್ಬದ ರಾತ್ರಿಗಳಲ್ಲಿ ದಮಡಿ ಬಡಿದುಕೊಂಡು ವೀರರ ಪದ ಹಾಡಿ ಜನರ ಕಣ್ಣಲ್ಲಿ ನೀರು ತರಿಸಿದವನು ನಾನು. ನಮ್ಮ ಬಾವಿ ಹತ್ತಿರವೇ ಒಬ್ಬ ವೀರ ಬೋರಲು ಬಿದ್ದು, ಬೆನ್ನ ಮೇಲೆ ನಮ್ಮ ಮನೆ ಮೈಲಿಗೆ ಬಟ್ಟೆ ಹೊತ್ತಿದ್ದ. ಮಗ ಹೇಳಿದ, "ಅಪ್ಪಾ, ಇಷ್ಟು ದಿನ ಇತ್ತಲ್ಲ, ಕೆತ್ತನೆ ಕೆಳಕ್ಕೆ ಮಾಡಿ ಮೆಟ್ಟಿಲಿಗೆ ಹಾಕೋಣ, ಯಾರಿಗೆ ಗೊತ್ತಾಗುತ್ತೆ." ಅವನ ಮಾತಲ್ಲಿ ಕೆಟ್ಟತನ ಇರಲಿಲ್ಲ. ಹೊಸ ಚಪ್ಪಡಿಗೆ ದುಡ್ಡು ಇರಲಿಲ್ಲ, ಅಷ್ಟೇ. ಆದರೆ ನನಗೆ ಗೊತ್ತಾಗಿತ್ತಲ್ಲ. ಮೇಷ್ಟ್ರನ್ನ ಕರೆಸಿ, ಊರಿನ ನಾಲ್ಕು ಜನಕ್ಕೆ ತೋರಿಸಿ, ಆಂಜನೇಯನ ಗುಡಿ ಪಕ್ಕ ಅರಳೀಕಟ್ಟೆ ಹತ್ತಿರ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಈಗ ಶಾಲೆ ಮಕ್ಕಳು ಅದರ ಮೂರು ಅಂಕಣಗಳನ್ನ ಓದೋಕೆ ಕಲಿತಿದಾರೆ. ನಮ್ಮ ಹುಳದ ಮನೆ ಮುಂದಿನ ಮೆಟ್ಟಿಲು ಇವತ್ತಿಗೂ ಮಣ್ಣಿಂದೇ.

ಇದರಿಂದ ನನಗೆ ತಿಳಿದದ್ದು ಇಷ್ಟು. ಬೆಂಗಳೂರಿನ ಗಾಜನ್ನ ಅದರ ಯಜಮಾನ ಬೇಡ ಅಂದಿದ್ದ, ದುಡ್ಡು ಇಸಕೊಂಡು ಕೊಟ್ಟಿದ್ದ. ಅದು ನಮ್ಮಲ್ಲಿಗೆ ಬರದಿದ್ದರೆ ಪುಡಿಯಾಗಿ ಯಾವುದೋ ಹಳ್ಳ ಸೇರುತ್ತಿತ್ತು. ಅದನ್ನ ತಂದದ್ದಕ್ಕೆ ನನಗೆ ನಾಚಿಕೆ ಇಲ್ಲ. ಮುರುಕು ಮನೆ ತೊಲೆ, ಹಂಚು, ಬಾಗಿಲು ಎಲ್ಲಾ ಅಂಥವೇ. ಅವನ್ನ ಒಡೆಯದೆ ಬಿಚ್ಚಿ ತಗೊಂಡು ಬಳಸೋದು ಬಡತನ ಅಲ್ಲ, ಬುದ್ಧಿವಂತಿಕೆ. ಆದರೆ ಕೋಟೆ ಕಲ್ಲು, ವೀರಗಲ್ಲು, ಗುಡಿ ಕಂಬ ಯಾರೂ ಬೇಡ ಅಂದದ್ದಲ್ಲ. ಅವುಗಳ ಯಜಮಾನರು ಸತ್ತಿದಾರೆ ಅಷ್ಟೇ. ಅವು ನಿಂತ ಜಾಗದಲ್ಲಿ ನಿಂತರೇ ಮಾತಾಡ್ತಾವೆ. ಕಿತ್ತರೆ ಬರೀ ಕಲ್ಲು.

ನಮ್ಮ ಸೀಮೆ ಈಗ ಅನಂತಪುರದಿಂದ ಬೇರೆಯಾಗಿ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರೈತೆ. ರಾಜ್ಯ ಆಂಧ್ರ, ಮನೆ ಮಾತು ಕನ್ನಡ. ಅಲ್ಲಿಯ ಪುಸ್ತಕದಲ್ಲೂ ಇಲ್ಲಿಯ ಪುಸ್ತಕದಲ್ಲೂ ನಮ್ಮ ಚರಿತ್ರೆಗೆ ಸಿಗೋದು ನಾಲ್ಕು ಸಾಲು. ಉಳಿದದ್ದೆಲ್ಲ ನಮ್ಮ ಕೊಟ್ಟಿಗೆ ಗೋಡೆಗಳಲ್ಲಿ, ಬಾವಿ ಕಟ್ಟೆಗಳಲ್ಲಿ, ಬಟ್ಟೆ ಒಗೆಯೋ ಕಲ್ಲುಗಳ ಅಡಿಯಲ್ಲಿ ಐತೆ. ಆದ್ದರಿಂದ ಓದುಗರಲ್ಲಿ ನನ್ನದೊಂದು ಬೇಡಿಕೆ. ಈ ಸಲ ಹಟ್ಟಿ ಕೆಡವೋರು, ಶೆಡ್ಡು ಕಟ್ಟೋರು, ಪಾಯ ತೆಗೆಯೋರು, ಕಲ್ಲನ್ನ ಹಾಕೋಕೆ ಮುಂಚೆ ಒಂದು ಸಲ ಮಗುಚಿ ನೋಡಿ. ಕೆತ್ತನೆಯೋ ಅಕ್ಷರವೋ ಕಂಡರೆ ಶಾಲೆ ಮೇಷ್ಟ್ರಿಗೆ ತಿಳಿಸಿ. ಕಾಣದಿದ್ದರೆ ಸಂತೋಷವಾಗಿ ಗೋಡೆಗೆ ಹಾಕಿಕೊಳ್ಳಿ. ಹಳೇ ಗಾಜಿನ ಕಿಟಕಿ ಬೇಕಾದವರು ನಮ್ಮ ಹುಳದ ಮನೆಗೆ ಬಂದು ನೋಡಬಹುದು. ಚಪ್ಪಲಿ ಹೊರಗೆ ಬಿಟ್ಟು, ಸುಣ್ಣದ ಪುಡಿ ತುಳಿದು ಒಳಗೆ ಬನ್ನಿ. ಹುಳ ನಾಲ್ಕನೇ ಜ್ವರದಲ್ಲಿದ್ದರೆ ಮಾತ್ರ ಹೊರಗಿನಿಂದಲೇ ನೋಡಬೇಕು. ಗಾಜು ಇರೋದರಿಂದ ಅದೂ ಕಷ್ಟವಿಲ್ಲ.